ಹುಳುವಿನ ಮಿದುಳು ಆಡುವ ಮಾತು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡಿನ ಇತಿಹಾಸ, ಕವಿಗಳ ಹಿರಿಮೆ, ಏಕೀಕರಣದ ಕಥೆ ಇವು ಕೇಳಿಬರುವುದು ರೂಢಿ. ಅಂತಹ ವೇದಿಕೆಯಲ್ಲಿ ನಿಂತು ನಾವು ಹುಳುಗಳ ವಿಷಯ ಮಾತನಾಡಲು ಹೊರಟಿರುವುದನ್ನು ಕಂಡು ಕೆಲವರಿಗೆ ನಗು ಬರಬಹುದು. ಆದರೆ ಈ ಸಭೆಯ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು. ಹಬ್ಬದ ದಿನವೆಂದು ನಮ್ಮ ತಾಯಂದಿರು ಉಟ್ಟುಬಂದಿರುವ ಮೈಸೂರು ರೇಷ್ಮೆಯ ಒಂದೊಂದು ಎಳೆಯೂ ಹುಳುವಿನ ಬಾಯಿಂದ ಬಂದದ್ದೇ. ಆ ಹುಳುವಿನ ಹಂಗಿನಲ್ಲಿರುವ ನಾವು ಅದರ ತಲೆಯೊಳಗೆ ನಡೆಯುವುದನ್ನು ಅರ್ಧ ಗಂಟೆ ವಿಚಾರಿಸಿದರೆ ತಪ್ಪಾಗಲಾರದು.

ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಕಡೆಯಿಂದ ಬಂದವರು ನಮ್ಮಲ್ಲಿ ಇದ್ದರೆ ಅವರಿಗೆ ಹುಳುಮನೆಯ ಮಾತು ಗೊತ್ತಿರುತ್ತದೆ. ಹಗಲಿರುಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದ ಹುಳು ಒಂದು ದಿನ ಇದ್ದಕ್ಕಿದ್ದಂತೆ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತುಬಿಡುತ್ತದೆ. ‘ಹುಳು ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ ರೈತರು. ಇದು ನಿಜವಾದ ಜ್ವರವಲ್ಲ. ಮೈ ಬೆಳೆದು ಹಳೆಯ ಚರ್ಮ ಬಿಗಿಯಾದಾಗ ಅದನ್ನು ಕಳಚಿಹಾಕುವ ಸಿದ್ಧತೆ. ಹೀಗೆ ನಾಲ್ಕು ಸಲ ಜ್ವರಕ್ಕೆ ಕೂತು ಎದ್ದ ಮೇಲೆ ಹುಳು ಹಣ್ಣಾಗುತ್ತದೆ. ಆಗ ಅದನ್ನು ಚಂದ್ರಿಕೆಗೆ ಬಿಡುತ್ತಾರೆ. ಅಲ್ಲಿ ಅದು ಗೂಡು ಕಟ್ಟುತ್ತದೆ. ಒಂದೇ ದಿನ ಚಾಕಿ ಕಟ್ಟಿದ ಸಾವಿರಾರು ಹುಳುಗಳು ಹೆಚ್ಚುಕಡಮೆ ಒಂದೇ ವೇಳೆಗೆ ಜ್ವರಕ್ಕೆ ಕೂರುತ್ತವೆ. ‘ಮೇವು ಸಾಕು, ಇನ್ನು ಪೊರೆ ಕಳಚು’ ಎಂದು ಅವುಗಳಿಗೆ ಹೇಳುವವರು ಯಾರು? ಈ ಪ್ರಶ್ನೆಯೇ ನಮ್ಮ ಇಂದಿನ ವಿಷಯ.

ಇದಕ್ಕೆ ಮೊದಲ ಉತ್ತರ ಬಂದದ್ದು ದೂರದ ಪೋಲೆಂಡಿನಿಂದ. ಕ್ರಾಕೋವ್ ನಗರದಲ್ಲಿ ಸ್ಟೆಫಾನ್ ಕೊಪೆಚ್ ಎಂಬ ವಿಜ್ಞಾನಿ ಕಾಡುಮರಗಳ ಎಲೆ ತಿನ್ನುವ ಲಿಮಾಂಟ್ರಿಯಾ ಡಿಸ್ಪಾರ್ ಎಂಬ ಪತಂಗದ ಕಂಬಳಿಹುಳುಗಳನ್ನು ಹಿಡಿದು, ಅವುಗಳ ನಡುವಿಗೆ ದಾರ ಬಿಗಿದ. ಹುಳು ಕೊನೆಯ ಹಂತಕ್ಕೆ ಬಂದ ಮೊದಲ ಕೆಲವು ದಿನಗಳಲ್ಲಿ ದಾರ ಕಟ್ಟಿದರೆ ಮುಂಭಾಗ ಮಾತ್ರ ಕೋಶಾವಸ್ಥೆಗೆ ತಿರುಗಿತು, ಹಿಂಭಾಗ ಹುಳುವಾಗಿಯೇ ಉಳಿಯಿತು. ಕೆಲವು ದಿನ ಬಿಟ್ಟು ಕಟ್ಟಿದರೆ ಎರಡು ಭಾಗಗಳೂ ಬದಲಾದುವು. ಎಂದರೆ ಮುಂಭಾಗದಿಂದ ಏನೋ ಒಂದು ವಸ್ತು ರಕ್ತದ ಮೂಲಕ ಹಿಂದಕ್ಕೆ ಹರಿದುಹೋಗುತ್ತಿರಬೇಕು. ಆತ ಮತ್ತೆ ಕೆಲವು ಹುಳುಗಳ ಮಿದುಳನ್ನು ತೆಗೆದುಹಾಕಿದ. ಅವು ಬದುಕಿದುವು, ಆದರೆ ಬದಲಾಗಲಿಲ್ಲ. ನರಗಳನ್ನು ಮಾತ್ರ ಕತ್ತರಿಸಿ ಮಿದುಳನ್ನು ಅಲ್ಲಿಯೇ ಬಿಟ್ಟರೆ ಬದಲಾವಣೆಗೆ ಅಡ್ಡಿಯಾಗಲಿಲ್ಲ. ಆದುದರಿಂದ ಅಪ್ಪಣೆ ಮಿದುಳಿನಿಂದಲೇ ಹೊರಡುತ್ತದೆ, ಆದರೆ ನರದ ತಂತಿಯಲ್ಲಿ ಅಲ್ಲ, ರಕ್ತದಲ್ಲಿ ಎಂದು ಕೊಪೆಚ್ 1917ರಲ್ಲಿ ಪ್ರಕಟಿಸಿದ. ಮಿದುಳು ಯೋಚಿಸುವ ಅಂಗ ಮಾತ್ರವಲ್ಲ, ಗ್ರಂಥಿಯಂತೆ ರಸವನ್ನೂ ಸ್ರವಿಸುತ್ತದೆ ಎಂಬುದು ಯಾವ ಪ್ರಾಣಿಯಲ್ಲಿಯೇ ಆಗಲಿ ಪ್ರಯೋಗದಿಂದ ತೋರಿಬಂದದ್ದು ಅದೇ ಮೊದಲು.

ಇಷ್ಟು ದೊಡ್ಡ ಮಾತನ್ನು ಅಂದಿನ ಲೋಕ ಹೆಚ್ಚಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. 1922ರಲ್ಲಿ ಕೊಪೆಚ್ ಅದನ್ನೇ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಬರೆದ. ಆಗಲೂ ವರ್ಷಗಳು ಉರುಳಿದುವು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡ್ ಜರ್ಮನರ ವಶವಾದಾಗ, 1941ರಲ್ಲಿ, ಆ ವಿದ್ವಾಂಸನನ್ನು ಗುಂಡಿಕ್ಕಿ ಕೊಂದರು. ಹುಳುವಿನ ಮಿದುಳು ಆಡಿದ ಆ ಮಾತು ಯಾವ ವಸ್ತುವೆಂಬುದನ್ನು ತಿಳಿಯುವ ಭಾಗ್ಯ ಅವನಿಗೆ ದೊರೆಯಲಿಲ್ಲ.

ಜರ್ಮನಿಯಲ್ಲಿಯೇ ಇನ್ನಿಬ್ಬರು ಇದೇ ದಾರಿಯಲ್ಲಿದ್ದರು. ಅರ್ನ್ಸ್ಟ್ ಷಾರರ್ 1928ರಲ್ಲಿ ಒಂದು ಸಣ್ಣ ಮೀನಿನ ಮಿದುಳಿನಲ್ಲಿ ಗ್ರಂಥಿಯಂತೆ ರಸ ತುಂಬಿಕೊಂಡಿದ್ದ ನರಕೋಶಗಳನ್ನು ಕಂಡ. ನರವೆಂದರೆ ನರ, ಗ್ರಂಥಿಯೆಂದರೆ ಗ್ರಂಥಿ, ಒಂದೇ ಕೋಶ ಎರಡೂ ಆಗುವುದೆಂತು ಎಂದು ಪಂಡಿತರು ತಲೆಯಲ್ಲಾಡಿಸಿದರು. ಅವನೂ ಅವನ ಹೆಂಡತಿ ಬೆರ್ಟಾ ಷಾರರ್ ಅವರೂ ಕೆಲಸ ಹಂಚಿಕೊಂಡರು: ಬೆನ್ನೆಲುಬಿರುವ ಪ್ರಾಣಿಗಳು ಗಂಡನ ಪಾಲಿಗೆ, ಇಲ್ಲದವು ಹೆಂಡತಿಯ ಪಾಲಿಗೆ. ನಾತ್ಸಿಗಳ ಆಡಳಿತದಲ್ಲಿ ಬದುಕಲೊಲ್ಲದೆ 1937ರಲ್ಲಿ ಆ ದಂಪತಿಗಳು ಊರು ಬಿಟ್ಟು ಅಮೆರಿಕಕ್ಕೆ ಹೋದರು. ಅಲ್ಲಿ ಗಂಡನಿಗೆ ಕೆಲಸ ಸಿಕ್ಕಿತು. ಗಂಡನಿರುವ ಕಡೆ ಹೆಂಡತಿಗೂ ಸಂಬಳದ ಹುದ್ದೆ ಕೊಡುವ ಪದ್ಧತಿ ಇರಲಿಲ್ಲ. ಬೆರ್ಟಾ ಅವರು ಬಹು ವರ್ಷ ಸಂಬಳವಿಲ್ಲದೆ ದುಡಿದರು. ಅವರು ಪರೀಕ್ಷೆಗೆ ಆರಿಸಿಕೊಂಡದ್ದು ಜಿರಲೆಯನ್ನು. ದುಡ್ಡು ಬೇಡದೆ, ಕೇಳದೆಯೇ ಬರುವ ಪ್ರಾಣಿ ಅದೊಂದೇ! ನಗರದ ಅಡುಗೆಮನೆಗಳಲ್ಲಿ ಅದರೊಡನೆ ಸೆಣಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿರಲೆಯ ಮಿದುಳಿನಲ್ಲಿಯೂ ರಸ ಸ್ರವಿಸುವ ನರಕೋಶಗಳುಂಟೆಂದು ಅವರು ತೋರಿಸಿಕೊಟ್ಟರು. 1955ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯ ಕಾಲೇಜು ಅವರನ್ನು ಪ್ರಾಧ್ಯಾಪಕಿಯಾಗಿ ಬರಮಾಡಿಕೊಳ್ಳುವ ವೇಳೆಗೆ ಅವರ ಮಾತಿಗೆ ಲೋಕದ ಒಪ್ಪಿಗೆ ದೊರೆತಿತ್ತು.

ಈಗ ಆ ರಸದಲ್ಲಿರುವುದು ಏನು ಎಂಬುದನ್ನು ನೋಡೋಣ. ನಮ್ಮ ಮೈಯ ಪ್ರೋಟೀನುಗಳೆಲ್ಲ ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರಗಳು. ಸರ ಗಿಡ್ಡದಾಗಿದ್ದರೆ ಅದಕ್ಕೆ ಪೆಪ್ಟೈಡ್ ಎಂದು ಹೆಸರು. ನರಕೋಶ ಮಾಡಿ ಕಳುಹಿಸುವ ಪೆಪ್ಟೈಡಿಗೆ ನರಪೆಪ್ಟೈಡ್ ಎನ್ನುತ್ತಾರೆ. ಮಣಿಗಳನ್ನು ಅಕ್ಷರಗಳೆಂದುಕೊಂಡರೆ, ನರಪೆಪ್ಟೈಡ್ ಎಂಬುದು ಮಿದುಳು ಆಡುವ ಒಂದು ಪದ. ಅಕ್ಷರಗಳ ಕ್ರಮ ಬದಲಾದರೆ ಪದ ಬದಲಾಗುತ್ತದೆ. ಪದ ಬದಲಾದರೆ ಅರ್ಥವೂ ಬದಲಾಗುತ್ತದೆ.

ಕೀಟಗಳ ನರಪೆಪ್ಟೈಡುಗಳಲ್ಲಿ ಮೊಟ್ಟಮೊದಲು ಪೂರ್ತಿಯಾಗಿ ಓದಲ್ಪಟ್ಟ ಪದ ಐದೇ ಅಕ್ಷರದ್ದು: ಆರ್ಜಿನೀನ್, ಟೈರೋಸೀನ್, ಲ್ಯೂಸೀನ್, ಪ್ರೋಲೀನ್, ಥ್ರಿಯೋನೀನ್. ಕೆನಡಾದಲ್ಲಿ ಬ್ರೌನ್ ಮತ್ತು ಸ್ಟಾರಟ್ ಎಂಬವರು 1975ರಲ್ಲಿ ಇದನ್ನು ಓದಿ ಪ್ರೊಕ್ಟೋಲಿನ್ ಎಂದು ಹೆಸರಿಟ್ಟರು. ಇದು ಜಿರಲೆಯ ಕರುಳಿನ ಹಿಂಭಾಗವನ್ನು ಸಂಕುಚಿಸುವಂತೆ ಮಾಡುವ ಪದ. ಇದಕ್ಕಾಗಿ ಅವರು ಅರೆದು ಸೋಸಿದ ಜಿರಲೆಗಳ ಸಂಖ್ಯೆ 1,25,000. ಕೊನೆಗೆ ಕೈಗೆ ಬಂದ ವಸ್ತು 180 ಮೈಕ್ರೋಗ್ರಾಮು, ಅಂದರೆ ಒಂದು ಮಿಲಿಗ್ರಾಮಿನ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಮೈಯಲ್ಲಿ ಇಂತಹ ಪದಗಳು ಎಷ್ಟು ಮೆಲ್ಲಗೆ ಉಸುರಲ್ಪಡುತ್ತವೆ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ನಮ್ಮ ರೇಷ್ಮೆಹುಳುವಿಗೆ ಜ್ವರ ಬರಿಸುವ ಪದವನ್ನು ಹುಡುಕಿದವರು ಜಪಾನಿನವರು. ಅವರಲ್ಲಿ ನಗೋಯಾ ವಿಶ್ವವಿದ್ಯಾನಿಲಯದ ಹಿರೊನೋರಿ ಇಷಿಜಾಕಿ ಮತ್ತು ಟೋಕಿಯೋದ ಅಕಿನೋರಿ ಸುಜುಕಿ ಇವರ ಹೆಸರನ್ನು ಮುಖ್ಯವಾಗಿ ಹೇಳಬೇಕು. ಇಷಿಜಾಕಿ ರೇಷ್ಮೆಪತಂಗಗಳ ತಲೆಗಳಿಂದ ಸಾರ ತೆಗೆದು, ಮಿದುಳು ತೆಗೆದುಹಾಕಿದ ಎರಿ ರೇಷ್ಮೆಯ ಕೋಶಗಳಿಗೆ ಚುಚ್ಚಿ ನೋಡುತ್ತಿದ್ದರು. ಎರಿ ಎಂದರೆ ನಮ್ಮ ಅಸ್ಸಾಮಿನಲ್ಲಿ ಹರಳೆಲೆ ತಿನ್ನಿಸಿ ಸಾಕುವ ರೇಷ್ಮೆಹುಳು. ಸಾರ ಬಿದ್ದೊಡನೆ ನಿದ್ದೆಯಲ್ಲಿದ್ದ ಎರಿ ಕೋಶ ಎಚ್ಚತ್ತು ಪತಂಗವಾಗಲು ಮೊದಲುಮಾಡುತ್ತಿತ್ತು. ಅಪ್ಪಣೆಯ ವಸ್ತು ಸಿಕ್ಕಿತೆಂದು ವರ್ಷಗಟ್ಟಲೆ ಅದನ್ನೇ ಶುದ್ಧಿಮಾಡಿದರು.

ಆದರೆ ಅದೇ ವಸ್ತುವನ್ನು ಮಿದುಳಿಲ್ಲದ ರೇಷ್ಮೆಹುಳುವಿನ ಕೋಶಕ್ಕೇ ಹಾಕಿದಾಗ ಅದು ಮಿಸುಕಲಿಲ್ಲ! ಸ್ವಂತ ಮಿದುಳಿನ ಮಾತು ಪರರಿಗೆ ಕೇಳಿಸಿತು, ತನ್ನವರಿಗೆ ಕೇಳಿಸಲಿಲ್ಲ. 1983ರಲ್ಲಿ ಇಷಿಜಾಕಿ ಮತ್ತು ಸಂಗಡಿಗರು ಇದನ್ನು ಮುಚ್ಚಿಡದೆ ಹೇಳಿದರು: ರೇಷ್ಮೆಹುಳುವಿನ ತಲೆಯಲ್ಲಿರುವುದು ಎರಡು ವಸ್ತು, ಚಿಕ್ಕದು ಎರಿಯನ್ನು ಎಬ್ಬಿಸುತ್ತದೆ, ದೊಡ್ಡದು ರೇಷ್ಮೆಹುಳುವನ್ನೇ ಎಬ್ಬಿಸುತ್ತದೆ. ಚಿಕ್ಕದರ ಅಕ್ಷರಗಳನ್ನು ಮರುವರ್ಷ ಓದಿದಾಗ ಇನ್ನೊಂದು ಸೋಜಿಗ ಕಾದಿತ್ತು. ಅದು ನಮ್ಮ ಇನ್ಸುಲಿನ್ನಿನ ದಾಯಾದಿ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಅದೇ ಇನ್ಸುಲಿನ್. ಅದಕ್ಕೆ ಬಾಂಬಿಕ್ಸಿನ್ ಎಂದು ಬೇರೆ ಹೆಸರಿಟ್ಟು, ನಿಜವಾದ ಅಪ್ಪಣೆಯನ್ನು ಮತ್ತೆ ಮೊದಲಿನಿಂದ ಹುಡುಕಿದರು. ಲಕ್ಷಗಟ್ಟಲೆ ತಲೆಗಳಿಂದ ಕೆಲವೇ ಮೈಕ್ರೋಗ್ರಾಮಿನಷ್ಟು ವಸ್ತುವನ್ನು 1987ರಲ್ಲಿ ಶುದ್ಧವಾಗಿ ಪಡೆದರು. 1990ರಲ್ಲಿ ಅದರ ಜೀನನ್ನೂ ಓದಿದರು. ವಿಜ್ಞಾನಿಗಳು ಅದನ್ನು ಪಿ.ಟಿ.ಟಿ.ಎಚ್. ಎಂದು ಕರೆಯುತ್ತಾರೆ. ರೇಷ್ಮೆಹುಳುವಿನ ಮಿದುಳಿನಲ್ಲಿ ಎರಡೇ ಜೊತೆ, ಅಂದರೆ ನಾಲ್ಕೇ ಕೋಶಗಳು ಅದನ್ನು ತಯಾರಿಸುತ್ತವೆ. ಅದು ರಕ್ತದಲ್ಲಿ ಹರಿದು ಎದೆಯ ಭಾಗದ ಒಂದು ಗ್ರಂಥಿಯನ್ನು ಸೇರುತ್ತದೆ. ಆ ಗ್ರಂಥಿ ಎಕ್ಡೈಸೋನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಹುಳು ಜ್ವರಕ್ಕೆ ಕೂರುತ್ತದೆ. ನಾಲ್ಕು ಕೋಶಗಳ ಮಾತಿಗೆ ಇಡೀ ಮೈ ತಲೆಬಾಗುತ್ತದೆ.

ಎರಿಗೆ ಕೇಳಿಸಿದ್ದು ರೇಷ್ಮೆಹುಳುವಿಗೆ ಏಕೆ ಕೇಳಿಸಲಿಲ್ಲ? ಇಲ್ಲಿಗೆ ಕಥೆಯ ಎರಡನೆಯ ಅರ್ಧ ಬರುತ್ತದೆ. ಮಾತು ಎಷ್ಟು ಸೊಗಸಾಗಿದ್ದರೇನು, ಕೇಳುವ ಕಿವಿ ಬೇಕು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಫಲವೇನು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೋಶದ ಮೈಮೇಲಿರುವ ಈ ಕಿವಿಗೆ ವಿಜ್ಞಾನದ ಕನ್ನಡದಲ್ಲಿ ಗ್ರಾಹಕ ಎಂದು ಹೆಸರು; ಅಂಗಡಿಗೆ ಬರುವ ಗ್ರಾಹಕನಲ್ಲ, ಗ್ರಹಿಸತಕ್ಕದ್ದು ಎಂಬ ಅರ್ಥದಲ್ಲಿ. ನರಪೆಪ್ಟೈಡುಗಳ ಗ್ರಾಹಕಗಳಲ್ಲಿ ಬಹುಪಾಲು, ಸೂಜಿದಾರ ಬಟ್ಟೆಯನ್ನು ಹೊಲಿಯುವಂತೆ, ಕೋಶದ ಹೊರಪದರವನ್ನು ಏಳು ಸಲ ಹೊಕ್ಕು ಹೊರಡುವ ಪ್ರೋಟೀನುಗಳು. ಹೊರಗಿನ ಭಾಗದಲ್ಲಿ ಪೆಪ್ಟೈಡ್ ಬಂದು ಕೂತೊಡನೆ ಒಳಗಿನ ಭಾಗ ಅಲುಗುತ್ತದೆ. ಕೋಶದೊಳಗೆ ಕೆಲಸ ಮೊದಲಾಗುತ್ತದೆ. ಅಂಚೆಯವನು ಮನೆಯೊಳಗೆ ಬರಬೇಕಾಗಿಲ್ಲ, ಬಾಗಿಲು ತಟ್ಟಿದರೆ ಸಾಕು. ಯಾವ ಕೋಶದ ಮೇಲೆ ಆ ಗ್ರಾಹಕವಿಲ್ಲವೋ ಆ ಕೋಶದ ಪಾಲಿಗೆ ಸಂದೇಶ ಬಂದರೂ ಬಾರದಂತೆಯೇ.

ಗ್ರಾಹಕಗಳನ್ನು ಹಿಡಿಯುವುದು ಪೆಪ್ಟೈಡುಗಳನ್ನು ಹಿಡಿಯುವುದಕ್ಕಿಂತಲೂ ಕಷ್ಟವಾಯಿತು. 2000ದಲ್ಲಿ ಹಣ್ಣಿನ ನೊಣದ ಜೀನುಗಳ ಪೂರ್ಣ ಪಟ್ಟಿ ಪ್ರಕಟವಾದ ಮೇಲೆ ದಾರಿ ತೆರೆಯಿತು. ಪಟ್ಟಿಯಲ್ಲಿ ಗ್ರಾಹಕಗಳಂತೆ ಕಾಣುವ ಎಷ್ಟೋ ಪ್ರೋಟೀನುಗಳಿದ್ದುವು. ಆದರೆ ಅವು ಯಾರ ಮಾತನ್ನು ಕೇಳುತ್ತವೆಂದು ತಿಳಿದಿರಲಿಲ್ಲ. ಅವುಗಳನ್ನು ‘ಅನಾಥ ಗ್ರಾಹಕ’ಗಳೆಂದು ಕರೆದರು. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದಲ್ಲಿ ಕಾರ್ನೆಲಿಸ್ ಗ್ರಿಮೆಲಿಕ್‌ಹೌಜನ್ ಅವರ ಪ್ರಯೋಗಾಲಯ ಈ ಅನಾಥರ ಸಂಬಂಧಿಕರನ್ನು ಹುಡುಕುವ ಕೆಲಸ ಹಿಡಿಯಿತು. ಉಪಾಯ ಜಾಣ್ಮೆಯದು. ಪರೀಕ್ಷೆಗಾಗಿ ಬೆಳೆಸಿದ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳಿಗೆ ಕೀಟದ ಗ್ರಾಹಕದ ಜೀನನ್ನು ಸೇರಿಸುತ್ತಾರೆ; ಜೊತೆಗೆ, ಸಮುದ್ರದ ಒಂದು ಲೋಳೆಮೀನಿನಿಂದ ಬಂದ, ಬೆಳಕು ಬೀರುವ ಪ್ರೋಟೀನನ್ನೂ ಇಡುತ್ತಾರೆ. ಬಳಿಕ ಒಂದೊಂದೇ ಪೆಪ್ಟೈಡನ್ನು ಹಾಕುತ್ತ ಬರುತ್ತಾರೆ. ಸರಿಯಾದ ಪದ ಬಿದ್ದ ಕ್ಷಣ ಕೋಶ ಮಿನುಗುತ್ತದೆ. ಉಳಿದ ಪದಗಳಿಗೆಲ್ಲ ಕತ್ತಲೆಯೇ.

ಹೀಗೆ, ಮಿಡತೆ ಹಾರುವಾಗ ಮೈಯ ಕೊಬ್ಬನ್ನು ಕರಗಿಸಿ ರೆಕ್ಕೆಗೆ ಶಕ್ತಿ ಒದಗಿಸುವ, 1976ರಲ್ಲಿಯೇ ಓದಲ್ಪಟ್ಟಿದ್ದ ಹತ್ತು ಅಕ್ಷರದ ಪದ ಒಂದುಂಟಲ್ಲ, ಆ ವರ್ಗದ ಪದವನ್ನು ಕೇಳುವ ಗ್ರಾಹಕವನ್ನು 2002ರಲ್ಲಿ ಹಣ್ಣಿನ ನೊಣದಲ್ಲಿಯೂ ರೇಷ್ಮೆಹುಳುವಿನಲ್ಲಿಯೂ ಅವರು ಗುರುತಿಸಿದರು. ಪ್ರೊಕ್ಟೋಲಿನ್ನಿನ ಗ್ರಾಹಕ 2003ರಲ್ಲಿ ಸಿಕ್ಕಿತು. ಪದವನ್ನು ಓದಿದ್ದು 1975ರಲ್ಲಿ, ಕಿವಿ ಸಿಕ್ಕಿದ್ದು ಇಪ್ಪತ್ತೆಂಟು ವರ್ಷದ ಮೇಲೆ! ರೇಷ್ಮೆಹುಳುವಿನ ಜ್ವರದ ಅಪ್ಪಣೆಯನ್ನು ಕೇಳುವ ಗ್ರಾಹಕ ತಿಳಿದುಬಂದದ್ದು 2009ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಕಿಮ್ ರೆವಿಟ್ಸ್, ಮೈಕೆಲ್ ಓಕಾನರ್ ಮತ್ತು ಸಂಗಡಿಗರ ಕೆಲಸದಿಂದ. ಇದು ಏಳು ಹೊಲಿಗೆಯ ಜಾತಿಯದಲ್ಲ. ಟಾರ್ಸೋ ಎಂಬ ಬೇರೆ ಮನೆತನದ ಗ್ರಾಹಕ. ವಿಶೇಷವೆಂದರೆ ಟಾರ್ಸೋ ಹೊಸ ಮುಖವೇ ಅಲ್ಲ. ನೊಣದ ಭ್ರೂಣದಲ್ಲಿ ತಲೆಯ ತುದಿ, ಬಾಲದ ತುದಿಗಳನ್ನು ಗೊತ್ತುಪಡಿಸುವ ಪ್ರೋಟೀನೆಂದು 1980ರ ದಶಕದಿಂದಲೂ ವಿಜ್ಞಾನಿಗಳಿಗೆ ಅದರ ಪರಿಚಯವಿತ್ತು. ಎದೆಯ ಗ್ರಂಥಿಯಲ್ಲಿ ಕೂತು ಮಿದುಳಿನ ಮಾತು ಕೇಳುವುದೂ ಅದೇ ಎಂದು ಯಾರೂ ಊಹಿಸಿರಲಿಲ್ಲ. ನೊಣದ ಮರಿಯ ಆ ಗ್ರಂಥಿಯಲ್ಲಿ ಟಾರ್ಸೋವನ್ನು ಕಡಿಮೆ ಮಾಡಿದಾಗ, ಮಿದುಳು ಸರಿಯಾಗಿದ್ದರೂ ಮರಿ ಹೊತ್ತಿಗೆ ಸರಿಯಾಗಿ ಬದಲಾಗದೆ ಸುಮ್ಮನೆ ತಿಂದು ದಪ್ಪವಾಯಿತು.

ಕರ್ನಾಟಕದ ಹುಳುಮನೆಗೆ ಇನ್ನೂ ಹತ್ತಿರದ ನರಪೆಪ್ಟೈಡ್ ಒಂದುಂಟು. ಜಪಾನಿನಂತಹ ಶೀತದೇಶದ ದ್ವಿತಳಿ ಹುಳುಗಳ ಮೊಟ್ಟೆಗಳು ಚಳಿಗಾಲವನ್ನು ಕಳೆಯಲು ದೀರ್ಘ ನಿದ್ದೆಗೆ ಹೋಗುತ್ತವೆ. ನಮ್ಮ ಶುದ್ಧ ಮೈಸೂರು ತಳಿಯ ಮೊಟ್ಟೆಗೆ ಆ ನಿದ್ದೆಯಿಲ್ಲ, ಸುಮಾರು ಹತ್ತು ದಿನಕ್ಕೆ ಮರಿ ಬರುತ್ತದೆ. ನಿದ್ದೆಯ ಅಪ್ಪಣೆ ಕೊಡುವವಳು ತಾಯಿ. ಆಕೆಯ ಗಂಟಲ ಕೆಳಗಿನ ನರಗಂಟಿನಿಂದ ಇಪ್ಪತ್ನಾಲ್ಕು ಅಕ್ಷರದ ಒಂದು ಪೆಪ್ಟೈಡ್ ಹೊರಟು, ಅಂಡಾಶಯದ ಗ್ರಾಹಕಕ್ಕೆ ಮುಟ್ಟಿ, ಇನ್ನೂ ಹುಟ್ಟದ ಮಕ್ಕಳ ನಿದ್ದೆಯನ್ನು ಗೊತ್ತುಮಾಡುತ್ತದೆ. ದ್ವಿತಳಿಗಳಲ್ಲಿ ಆಕೆ ಹಾಗೆ ಮಾಡುವುದು ಬಿಡುವುದು, ಆಕೆಯೇ ಮೊಟ್ಟೆಯೊಳಗಿದ್ದಾಗ ಅನುಭವಿಸಿದ ಬಿಸಿಲು ಚಳಿಯನ್ನು ಅವಲಂಬಿಸಿದೆ: 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕಾವು ಪಡೆದವಳು ನಿದ್ರಿಸುವ ಮೊಟ್ಟೆ ಇಡುತ್ತಾಳೆ, 15 ಡಿಗ್ರಿಯಲ್ಲಿ ಬೆಳೆದವಳು ನಿದ್ರಿಸದ ಮೊಟ್ಟೆ ಇಡುತ್ತಾಳೆ. ನಮ್ಮ ನಾಡಿನ ಮಿಶ್ರತಳಿಗೆ ಮೈಸೂರು ಹೆಣ್ಣನ್ನೂ ದ್ವಿತಳಿ ಗಂಡನ್ನೂ ಆರಿಸುವುದರಲ್ಲಿ ಈ ಗುಟ್ಟು ಅಡಗಿದೆ. ತಾಯಿ ಮೈಸೂರಿನವಳಾದ್ದರಿಂದ ಮೊಟ್ಟೆ ನಿದ್ದೆಗೆ ಹೋಗುವುದಿಲ್ಲ. ರೈತನಿಗೆ ಬೆಳೆ ತಡವಾಗುವುದಿಲ್ಲ.

ಇದರಿಂದ ಲೋಕಕ್ಕೆ ಪ್ರಯೋಜನವೇನೆಂದು ಕೇಳುವುದು ನ್ಯಾಯವೇ. ಪಕ್ಕದ ಹೊಲದಲ್ಲಿ ಹೊಡೆದ ಕೀಟನಾಶಕ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಮನೆತುಂಬ ಹುಳು ಸಾಯುತ್ತವೆ ಎಂಬುದು ನಮ್ಮ ರೈತರಿಗೆ ಗೊತ್ತಿರುವ ಸಂಕಟ. ಆ ವಿಷಕ್ಕೆ ಬೆಳೆ ತಿನ್ನುವ ಹುಳು ಯಾವುದು, ಅನ್ನ ಕೊಡುವ ಹುಳು ಯಾವುದು, ಹೂವಿನ ಮೇಲಿನ ಜೇನು ಯಾವುದು ಎಂಬ ಭೇದ ತಿಳಿಯದು. ಒಂದು ಜಾತಿಯ ಗ್ರಾಹಕಕ್ಕೆ ಮಾತ್ರ ಹಿಡಿಸಿ ಉಳಿದ ಜಾತಿಗಳಿಗೆ ಕೇಳಿಸದ ಪದವನ್ನು ಕಟ್ಟಬಹುದಾದರೆ, ಪೀಡೆಯನ್ನಷ್ಟೇ ತಡೆಯಬಹುದು. ಹಾದಿ ಸುಲಭವಲ್ಲ. ಪೆಪ್ಟೈಡ್ ಹುಳುವಿನ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುತ್ತದೆ. ಹೊರಚರ್ಮವನ್ನು ದಾಟಿ ಒಳಹೋಗಲಾರದು. ಆದುದರಿಂದ ಅದನ್ನು ಹೋಲುವ, ಆದರೆ ಬೇಗ ಮುರಿಯದ ವಸ್ತುಗಳನ್ನು ಕಟ್ಟಲು ಹಲವು ದೇಶಗಳಲ್ಲಿ ಯತ್ನ ನಡೆದಿದೆ. ಅವುಗಳಿಂದ ಜೇನಿಗೂ ರೇಷ್ಮೆಹುಳುವಿಗೂ ಕೇಡಿಲ್ಲವೆಂದು ಪರೀಕ್ಷಿಸಿಯೇ ಹೊಲಕ್ಕೆ ತರಬೇಕು.

ಮಿತ್ರರೆ, ಈ ಕಥೆಯಿಂದ ಪರನಾಡಿನಲ್ಲಿರುವ ನಮಗೆ ಒಂದು ಮಾತು ಹೊಳೆಯುತ್ತದೆ. ಕೊಪೆಚ್ ತನ್ನ ಪ್ರಯೋಗವನ್ನು ಪ್ರಕಟಿಸಿದ ಮರುವರ್ಷವೇ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ನಡೆಯಲಿಲ್ಲ. ಆದರೆ ಎಂತಹ ವಿಷಯವನ್ನಾದರೂ ಕನ್ನಡದಲ್ಲಿ ಹೇಳಬಹುದೆಂಬ ಧೈರ್ಯವನ್ನು ಅವರು ಅಂದೇ ತೋರಿದರು. ಕನ್ನಡದಲ್ಲಿ ಮಾತುಗಳಿಲ್ಲವೆಂಬ ದೂರು ಇಂದಿಗೂ ಕೇಳಿಬರುತ್ತದೆ. ಮಾತಿಗೆ ಕೊರತೆಯಿಲ್ಲ, ‘ಜ್ವರಕ್ಕೆ ಕೂತಿದೆ’ ಎಂಬ ರೈತನ ಮಾತು ಯಾವ ಪಾರಿಭಾಷಿಕ ಶಬ್ದಕ್ಕೂ ಕಡಿಮೆಯಲ್ಲ. ಬೇಕಾದದ್ದು ಅದನ್ನು ಕೇಳುವ ಕಿವಿ.

ನಮ್ಮ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗು ಶಾಲೆಯ ಭಾಷೆಯಲ್ಲಿ ಉತ್ತರ ಕೊಡುತ್ತದೆ. ಇದನ್ನು ಕಂಡು ಕನ್ನಡ ಹೋಯಿತೆಂದು ನಿಟ್ಟುಸಿರಿಡುವವರುಂಟು. ಹೋಗಿಲ್ಲ. ಮಗುವಿಗೆ ಅಜ್ಜಿಯ ಮಾತು ತಿಳಿಯಿತಲ್ಲವೆ? ಗ್ರಾಹಕ ಇನ್ನೂ ಇದೆ. ಅದು ಇರುವಷ್ಟು ಕಾಲ ಮಾತನ್ನು ನಿಲ್ಲಿಸಬಾರದು. ಆದರೆ ‘ಊಟವಾಯಿತೆ, ಸ್ನಾನವಾಯಿತೆ’ ಎಂಬ ಎರಡು ಮಾತಿಗೆ ಕನ್ನಡವನ್ನು ಕಟ್ಟಿಹಾಕಿ, ತಿಳಿವಳಿಕೆಯ ಮಾತಿಗೆಲ್ಲ ಬೇರೆ ಭಾಷೆಯನ್ನು ಹಿಡಿದರೆ, ಮಗುವಿಗೆ ಕನ್ನಡವೆಂದರೆ ಅಡುಗೆಮನೆಯಷ್ಟೇ ಆಗಿ ಉಳಿದೀತು. ಜಿರಲೆಯನ್ನು ಕಂಡು ಮಗು ಕಿರುಚಿದಾಗ, ಅದರ ಕರುಳನ್ನು ಆಡಿಸುವ ಐದಕ್ಷರದ ಪದದ ಕಥೆಯನ್ನು ಕನ್ನಡದಲ್ಲಿಯೇ ಹೇಳಿನೋಡಿ. ಅಮ್ಮನ ರೇಷ್ಮೆ ಸೀರೆಯ ಸೆರಗು ಹಿಡಿದಾಗ, ಆ ನಾಲ್ಕು ಕೋಶಗಳ ಅಪ್ಪಣೆಯನ್ನು ಹೇಳಿನೋಡಿ. ಸಂಘದ ವಾಚನಾಲಯದಲ್ಲಿ ಕಥೆ ಕಾದಂಬರಿಗಳ ಪಕ್ಕದಲ್ಲಿ ಮಕ್ಕಳು ಓದಬಲ್ಲ ಕನ್ನಡ ವಿಜ್ಞಾನದ ಪುಸ್ತಕಗಳ ಒಂದು ಕಪಾಟು ಇರಲಿ ಎಂಬುದೂ ನಮ್ಮ ವಿನಂತಿ. ಕಾರ್ಯಕಾರಿ ಸಮಿತಿಯವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.